ಬೀರುವಿನೊಳಗಿನ ಪೆಟ್ಟಿಗೆ

“ಬುದ್ಧೀ, ನಿಮ್ಮ ಮುಂದೆ ಕೂತಾಗ ನನ್ನ ಸಿಟ್ಟೆಲ್ಲ ಇಳಿದುಹೋಗುತ್ತದೆ. ಮನೆಯ ಹೊಸ್ತಿಲು ದಾಟಿದೆನೋ, ಮತ್ತೆ ಅದೇ ಸಿಟ್ಟು. ನೀವು ಹೇಳಿಕೊಟ್ಟ ಜಪ ಮಠದಲ್ಲಿ ಫಲಿಸುತ್ತದೆ, ಮನೆಯಲ್ಲಿ ಯಾಕೆ ಫಲಿಸುವುದಿಲ್ಲ?” ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ಅವನಿಗೆ ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಅಕ್ಕ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಯಾವುದೋ ಸಣ್ಣ ಮಾತಿಗೆ ಮುನಿಸಿಕೊಂಡ ಆಸಾಮಿ, ಭಾವ ತೀರಿಕೊಂಡಾಗಲೂ ಅವಳ ಮನೆಗೆ ಹೋಗಿರಲಿಲ್ಲ. ಈಗ ಅವಳು ದೂರದೇಶದಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಇವನೋ ಸೊಂಟ ಮುರಿದುಕೊಂಡು ಕೋಲೂರಿ ನಡೆಯುವವನು. ಅವಳು ಕಣ್ಣು ಮುಚ್ಚುವ ಮೊದಲು ತನ್ನ ಬಾಯಿಂದಲೇ ತಪ್ಪಾಯಿತು ಎನ್ನಬೇಕು, ಅಷ್ಟೇ ಅವನ ಆಸೆ. ಅಕ್ಕನಿಗೆ ಕಿವಿ ಪೂರ್ತಿ ಹೋಗಿತ್ತು; ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು. ಮೊಬೈಲಿನಲ್ಲಿ ಮುಖ ಕಾಣಲಿ ಎಂದು ಅವನು ಮನೆಗೆ ಇಂಟರ್‌ನೆಟ್ ಹಾಕಿಸಿಕೊಂಡ.

ಮುಖ ಕಂಡಿತು ಎನ್ನುವಷ್ಟರಲ್ಲಿ ಸಂಪರ್ಕ ಕಡಿದುಹೋಗುತ್ತಿತ್ತು. ವ್ಯಾಪಾರಿ ಕಂಪನಿಯವರನ್ನು ಬಾಯಿಗೆ ಬಂದಂತೆ ಬೈದ. ಅವರು ತಂತಿ ಬದಲಾಯಿಸಿದರು, ವೈಫೈ ಪೆಟ್ಟಿಗೆಯನ್ನೇ ಬದಲಾಯಿಸಿದರು. ರಿಪೇರಿಯವನು ಬಂದು ನೋಡುವಾಗ ಎಲ್ಲ ಸರಿ. ಅವನು ಹೋದ ಮೇಲೆ ಮತ್ತೆ ಅದೇ ಗೋಳು.

ಆ ಪುಣ್ಯಾತ್ಮನ ಕ್ರಮ ಏನೆಂದರೆ, ಬೆಲೆಬಾಳುವುದೆಲ್ಲ ಕಬ್ಬಿಣದ ಬೀರುವಿನಲ್ಲಿರಬೇಕು. ಬೀರುವಿನ ಹಿಂಬದಿಗೆ ತೂತು ಕೊರೆಸಿ ತಂತಿ ಎಳೆಸಿ, ಬೆಳ್ಳಿ ತಟ್ಟೆಗಳ ಪಕ್ಕ ಆ ಪೆಟ್ಟಿಗೆಯನ್ನೂ ಇಟ್ಟು ಬೀಗ ಜಡಿದಿದ್ದ. ಹೊರಗಿನವರ ಎದುರು ಬೀರು ತೆರೆಯುವ ರೂಢಿ ಅವನ ಮನೆತನದಲ್ಲೇ ಇಲ್ಲ. ಆದ್ದರಿಂದ ರಿಪೇರಿಯವನು ಬರುವ ಮೊದಲೇ ಪೆಟ್ಟಿಗೆಯನ್ನು ತೆಗೆದು ಮೇಜಿನ ಮೇಲೆ ಜೋಡಿಸಿಡುತ್ತಿದ್ದ.

ರಿಪೇರಿಯವನಿಗೆ ಒಮ್ಮೆ ಅನುಮಾನ ಬಂತು. “ಯಜಮಾನ್ರೇ, ಇದು ಯಾವಾಗ್ಲೂ ಇಲ್ಲೇ ಇರುತ್ತಾ?” ಎಂದು ಕೇಳಿದ.

“ಮತ್ತಿನ್ನೆಲ್ಲಿ ಇರುತ್ತಪ್ಪಾ?” ಎಂದ ವ್ಯಾಪಾರಿ.

ಕಬ್ಬಿಣದೊಳಗೆ ಮುಚ್ಚಿಟ್ಟರೆ ಸಿಗ್ನಲ್ ಹೊರಗೆ ಬಾರದು ಎಂಬುದು ವ್ಯಾಪಾರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನಿಗೆ ಅವನು ಬೀರು ತೋರಿಸಲಿಲ್ಲ.

ಒಂದು ದಿನ ಅಕ್ಕನ ಉಸಿರು ಏರತೊಡಗಿತು. ಮಗಳು ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದಳು. ಇತ್ತ ವ್ಯಾಪಾರಿ ಕೈ ಮುಗಿದು, ಅಳುತ್ತ, ಅಕ್ಕಾ ಎಂದು ಬಾಯಿ ತೆರೆದ. ಅಲ್ಲಿ ಚಿತ್ರ ನಿಂತುಬಿಟ್ಟಿತು, ದನಿಯೂ ಕಡಿದುಹೋಯಿತು. ಅವನು ಕ್ಷಮೆ ಕೇಳಿಯೇ ಕೇಳಿದ. ಅವಳಿಗೆ ಕಂಡದ್ದು ತೆರೆದ ಬಾಯಿ ಮಾತ್ರ. “ತಮ್ಮ ಏನಂದ?” ಎಂದು ಮಗಳನ್ನು ಕೇಳಿದಳು. ಮಗಳಿಗೂ ತಿಳಿದಿರಲಿಲ್ಲ. ಅದನ್ನೇ ಕೇಳುತ್ತ ಕೇಳುತ್ತ ಜೀವ ಬಿಟ್ಟಳು. ವ್ಯಾಪಾರಿ ಇವತ್ತಿಗೂ ಕಂಪನಿಯವರಿಗೆ ಹಿಡಿಶಾಪ ಹಾಕುತ್ತಾನೆ. ಪೆಟ್ಟಿಗೆ ಬೀರುವಿನಲ್ಲೇ ಇದೆ.

ಕತೆ ಕೇಳಿ ಚನ್ನವೀರ ಮರುಗಿದ. “ಎಂಥ ಮೂರ್ಖ, ಬುದ್ಧೀ! ಸರಿಮಾಡಲು ಬಂದವನಿಂದಲೇ ಮುಚ್ಚಿಟ್ಟನಲ್ಲ!” ಎಂದ.

ಗುರುಗಳು ದನಿ ಏರಿಸದೆ ಕೇಳಿದರು: “ನಿನ್ನ ಹೆಂಡತಿಯ ಕೆನ್ನೆ ಯಾಕೆ ಬಾತುಕೊಂಡಿದೆ, ಚನ್ನವೀರ?”