ಸೋಸಿದ ಒಬ್ಬಟ್ಟು

“ಬುದ್ಧಿ, ಈ ಸಲವಾದರೂ ನನ್ನ ಅಣ್ಣನ ಹೊಟ್ಟೆಯ ಹೊಲಿಗೆ ಗಟ್ಟಿಯಾಗಿ ನಿಲ್ಲುತ್ತದೆಯೇ?”

ಕೇಳಿದವನು ಮಠದ ದಾಸೋಹದಲ್ಲಿ ಬಡಿಸುವ ಶಿಷ್ಯ ಶಂಭುಲಿಂಗ. ತೂಕ ಇಳಿಸಲೆಂದು ಅವನ ಅಣ್ಣ ಹಿಂದೆ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡಿದ್ದ. ಇಳಿದ ತೂಕ ಮತ್ತೆ ಏರಿತ್ತು. ಈಗ ವೈದ್ಯರು ಬಾಯಿಯ ಮೂಲಕ ಕೊಳವೆ ಇಳಿಸಿ ಇನ್ನೊಮ್ಮೆ ಹೊಲಿದಿದ್ದರು. ಶಂಭುಲಿಂಗ ಅಣ್ಣನನ್ನು ನೋಡಲು ಆಸ್ಪತ್ರೆಗೆ ಹೊರಟಿದ್ದ. ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು ಗುರುಗಳ ಮುಂದೆ ಕೂತಿದ್ದ.

“ನಾನೇನು ಡಾಕ್ಟರೇನಯ್ಯಾ?” ಎಂದು ಗುರುಗಳು ಗದರಿದರು. “ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಒಬ್ಬ ಜವಳಿ ವ್ಯಾಪಾರಿ ಇದ್ದ. ಆಸಾಮಿ ಎಷ್ಟು ದಪ್ಪ ಅಂದರೆ ತನ್ನದೇ ಅಂಗಡಿಯ ಮೆಟ್ಟಿಲು ಹತ್ತಲು ಆಳುಗಳು ಕೈಹಿಡಿಯಬೇಕಿತ್ತು. ವೈದ್ಯರು ಅವನ ಹೊಟ್ಟೆಯನ್ನು ಪುಟ್ಟ ಚೀಲದಷ್ಟು ಮಾಡಿದರು. ತೂಕ ಸರಸರನೆ ಇಳಿಯಿತು. ಕಂಡವರೆಲ್ಲ ಭೇಷ್ ಅಂದರು. ತಾಯಿ ಮಾತ್ರ, ನನ್ನ ಮಗ ಒಣಗಿ ಕಡ್ಡಿಯಾದ ಎಂದು ಅತ್ತಳು. ಹೊತ್ತು ಹೊತ್ತಿಗೂ ಸ್ವಲ್ಪ ಸ್ವಲ್ಪ ತಿನ್ನಿಸಿದಳು. ಕೆಲವು ವರ್ಷಗಳಲ್ಲಿ ಹೋದ ತೂಕವೆಲ್ಲ ವಾಪಸು ಬಂತು.

ವೈದ್ಯರು ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡಿದರು. ಹೊಟ್ಟೆಯಿಂದ ಕರುಳಿಗೆ ಹೋಗುವ ದಾರಿ ಹಿಗ್ಗಿತ್ತು. ಉಂಡದ್ದು ನಿಲ್ಲದೆ ಜಾರುತ್ತಿತ್ತು, ಹಸಿವು ಕೂಡಲೇ ಮರಳುತ್ತಿತ್ತು. ಹೊಟ್ಟೆ ಕೊಯ್ಯದೆ, ಬಾಯಿಯಿಂದಲೇ ಸೂಜಿ ಇಳಿಸಿ ಆ ದಾರಿಯನ್ನು ಕಿರಿದು ಮಾಡಿದರು. “ಹೃದಯ ಸೋತಿದೆ. ಇನ್ನು ತೂಕ ಏರಿದರೆ ಜೀವ ಉಳಿಯುವುದಿಲ್ಲ. ಹೊಲಿಗೆ ಮಾಯುವವರೆಗೆ ಬರೀ ನೀರಾಗಿರುವುದನ್ನು ಕೊಡಿ,” ಎಂದರು. ತಾಯಿ ಕೈಮುಗಿದು ಕೇಳಿಸಿಕೊಂಡಳು.

ಪಾಪ, ಆ ಮಾತನ್ನು ಅವಳು ಚಾಚೂ ತಪ್ಪದೆ ನಡೆಸಿದಳು. ಒಂದು ಅಗುಳು ಅನ್ನ ಕೊಡಲಿಲ್ಲ. ಒಬ್ಬಟ್ಟಿಗೆ ಹಾಲು, ತುಪ್ಪ ಹಾಕಿ ನುಣ್ಣಗೆ ಅರೆದಳು. ಬಿಳಿ ಬಟ್ಟೆಯಲ್ಲಿ ಸೋಸಿ ಲೋಟಕ್ಕೆ ಹಾಕಿ ತಂದಳು.

“ಬೇಡಮ್ಮ,” ಅಂದ ಮಗ.

“ಕುಡಿಯೋ ಕಂದ. ನೀರೇ ತಾನೇ? ಡಾಕ್ಟರೇ ಹೇಳಿದ್ದಾರೆ.”

ಅದು ಬರೀ ನೀರಲ್ಲ ಎಂದು ಅವನಿಗೆ ಗೊತ್ತಿತ್ತು. ತಾಯಿಯ ಮುಖ ಬಾಡುವುದನ್ನು ನೋಡಲಾರದೆ ಕುಡಿದ. ಆಮೇಲಾಮೇಲೆ ತಾನೇ ಕೇಳಿ ಕುಡಿದ. ಹೊಲಿಗೆ ಮಾಯ್ದ ಮೇಲೂ ಲೋಟ ಬರುವುದು ನಿಲ್ಲಲಿಲ್ಲ. ತೂಕ ಏರಿತು. ವೈದ್ಯರು ಗಾಬರಿಯಾಗಿ ಮತ್ತೆ ಕ್ಯಾಮೆರಾ ಇಳಿಸಿದರು. ಹೊಲಿಗೆ ಹಾಕಿದ ಹಾಗೆಯೇ ಗಟ್ಟಿಯಾಗಿತ್ತು ಕಣಯ್ಯಾ. ನೀರಿಗೆ ಎಷ್ಟಗಲ ದಾರಿ ಬೇಕು? ವರ್ಷ ತುಂಬುವುದರೊಳಗೆ ಅವನು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಸತ್ತ.

ತಿಥಿಯ ದಿನ ತಾಯಿ ಎಡೆಗೆ ಒಬ್ಬಟ್ಟು ಇಟ್ಟಳು. ಅದನ್ನೂ ಅರೆದು, ಸೋಸಿ, ಅದೇ ಲೋಟದಲ್ಲಿ ಇಟ್ಟಳು.

ಶಂಭುಲಿಂಗನ ಕಣ್ಣು ತುಂಬಿತು. “ಅಯ್ಯೋ, ಹೆತ್ತ ಕರುಳಲ್ಲವೇ ಬುದ್ಧಿ? ಪ್ರೀತಿಯಿಂದ ಕೊಟ್ಟದ್ದನ್ನು ತಪ್ಪು ಅನ್ನುವುದು ಹೇಗೆ?”

ಗುರುಗಳು ಅವನ ತೊಡೆಯ ಮೇಲಿನ ಡಬ್ಬಿಯನ್ನು ನೋಡಿದರು.

“ಅದಿರಲಿ, ಅಣ್ಣನಿಗೆ ಒಯ್ಯುತ್ತಿರುವ ಆ ಪಾಯಸ, ಸೋಸಿದ್ದೀಯಾ?”