ಬರಿಗೈಯಲ್ಲಿ ಬಂದ ಹೈಡ್ರೋಜನ್

ಕೈಯಲ್ಲಿ ಒಂದಿಷ್ಟು ಇದ್ದಾಗ ಒಳಗೆ ಬಿಡಲಿಲ್ಲ, ಬರಿಗೈಯಾದ ಮೇಲೆ ಬಾ ಎಂದರು. ಯಾರ ಮನೆ ಹೇಳಿ? ನಿಮಗೆ ಗೊತ್ತಾಗಲ್ಲ ಬಿಡಿ.

ಒಂಟಿ ಹೈಡ್ರೋಜನ್ ತನ್ನ ಒಂದೇ ಒಂದು ಎಲೆಕ್ಟ್ರಾನ್ ಹಿಡಿದುಕೊಂಡು ನೈಟ್ರೋಜನ್ ಬಳಿ ಬಂತು. ಅಲ್ಲಿ ಆಗಲೇ ಮೂರು ಹೈಡ್ರೋಜನ್‌ಗಳು ಅಂಟಿಕೊಂಡಿದ್ದವು.

"ಅಣ್ಣಾ, ನಿನ್ನ ಹೊರಕವಚದಲ್ಲಿ ಐದು ಎಲೆಕ್ಟ್ರಾನ್ ಇವೆ. ಮೂರು ಇವರಿಗಾಯ್ತು. ನನ್ನನ್ನೂ ಸೇರಿಸ್ಕೋ."

"ಉಳಿದೆರಡು ತಮ್ಮೊಳಗೇ ಜೋಡಿಯಾಗಿವೆ ಕಣೋ. ನಿನ್ನ ಎಲೆಕ್ಟ್ರಾನ್ ಇಡೋಕೆ ಜಾಗವಿಲ್ಲ."

ಹೈಡ್ರೋಜನ್ ಸಪ್ಪೆಮುಖ ಹಾಕಿಕೊಂಡು ಹೊರಟಿತು. ದಾರಿಯಲ್ಲಿ ಕ್ಲೋರಿನ್ ಅಡ್ಡಹಾಕಿ ಆ ಎಲೆಕ್ಟ್ರಾನನ್ನೂ ಕಿತ್ತುಕೊಂಡಿತು. ಪಾಪದ್ದು ಅಳುತ್ತ ವಾಪಸು ಬಂತು.

"ಈಗ ನನ್ನ ಹತ್ರ ಏನೂ ಇಲ್ಲ ಅಣ್ಣಾ."

"ಹಾಗಾದ್ರೆ ಬಾರೋ! ನನ್ನ ಜೋಡಿಯನ್ನೇ ಇಬ್ಬರೂ ಹಂಚಿಕೊಳ್ಳೋಣ."

ಆಮೇಲೆ ಆ ನಾಲ್ವರಲ್ಲಿ ಕೊನೆಗೆ ಬಂದವನು ಯಾರೆಂದು ಯಾರಿಗೂ ಗುರುತು ಸಿಗಲಿಲ್ಲ. ಹಿಂದೆಯೇ ಬಂದಿದ್ದ ಕ್ಲೋರಿನ್ ನಾಚಿಕೊಂಡು ಪಕ್ಕದಲ್ಲೇ ನಿಂತುಬಿಟ್ಟಿತು.

ನಿಂತದ್ದು ನಿಜ; ಕಿತ್ತುಕೊಂಡ ಎಲೆಕ್ಟ್ರಾನಿನಿಂದ ಅದಕ್ಕೆ ಋಣ ವಿದ್ಯುದಂಶ, ಕಳೆದುಕೊಂಡವನಿಂದ ಈ ಗುಂಪಿಗೆ ಧನ, ಸೆಳೆತ ಬಿಡಬೇಕಲ್ಲ. ನಾಚಿಕೆ ಮಾತ್ರ ನಾನೇ ಸೇರಿಸಿದ್ದು.