ಹಲ್ಲಿ ಹೌದೆಂದ ಮಾತು

ಬಾಣಂತಿ ಕೋಣೆಯ ಗೋಡೆಯಲ್ಲೊಂದು ಹಲ್ಲಿಯಿತ್ತು. ಯಾರಾದರೂ ಮಾತಾಡುವಾಗ ಅದು ಲೊಚಗುಟ್ಟಿದರೆ ಸಾಕು, ಆ ಮಾತು ನಿಜವೆಂದು ಮನೆಯವರೆಲ್ಲ "ಕೃಷ್ಣ ಕೃಷ್ಣ" ಎನ್ನುತ್ತ ನೆಲ ಕುಟ್ಟುತ್ತಿದ್ದರು. ಹಲ್ಲಿಗೆ ಅದೇ ಜಂಬ. ಒಂದು ದಿನ ಬಾಣಂತಿ ತಾರಿಣಿಯ ಗಂಡ ಬಂದು ಅದೇ ಗೋಡೆಗೆ ಬಿಳಿ ಡಬ್ಬಿಯೊಂದನ್ನು ಅಂಟಿಸಿದ.

"ಎಲೈ ಮೂಕನೇ, ನಿನ್ನ ಕೆಲಸವೇನು?" ಎಂದಿತು ಹಲ್ಲಿ.

"ಕೆಂಡದಿಂದ ವಿಷಗಾಳಿ ಹುಟ್ಟಿದರೆ ಕೂಗುವುದು. ಅಲ್ಲಿಯವರೆಗೆ ಸುಮ್ಮನಿರುವುದು."

ಹಲ್ಲಿ ಬಾಲ ಕುಣಿಸಿ ನಕ್ಕಿತು.

ಆ ಸಂಜೆ ತಾರಿಣಿಯ ತಾಯಿ ಪುಟ್ಟಗೌರಮ್ಮ, ಮಗಳಿಗೆ ಶೀತವಾದೀತೆಂದು ಕಿಟಕಿ ಮುಚ್ಚಿ, ಸಂದಿಗೆ ಹಳೇ ಸೀರೆ ತುರುಕಿ, ಮಂಚದ ಪಕ್ಕ ಕೆಂಡದ ಅಗ್ಗಿಷ್ಟಿಕೆ ಇಟ್ಟರು. ತಾರಿಣಿಗೆ ತಲೆ ಭಾರವಾಯಿತು. ಹಲ್ಲಿಗೂ ಜೋಂಪು ಹತ್ತಿತು. ಅಷ್ಟರಲ್ಲಿ ಡಬ್ಬಿ ಸೂರು ಹಾರಿಹೋಗುವಂತೆ ಕಿರುಚಿತು.

"ಹೊಗೆಯಿಲ್ಲ, ವಾಸನೆಯಿಲ್ಲ, ಮಗುವನ್ನೇಕೆ ಎಬ್ಬಿಸುವೆ?" ಎಂದು ಹಲ್ಲಿ ಗದರಿತು.

"ಈ ಗಾಳಿ ಕಾಣುವುದಿಲ್ಲ, ನಾರುವುದಿಲ್ಲ. ಅದಕ್ಕೇ ನಾನಿರುವುದು!"

ಅಳಿಯ ಓಡಿಬಂದು ಎಲ್ಲರನ್ನೂ ಅಂಗಳಕ್ಕೆ ಕರೆದೊಯ್ದ. ಕಿಟಕಿ ತೆರೆಯಿತು, ಅಗ್ಗಿಷ್ಟಿಕೆ ಹೊರಬಿತ್ತು. ತಂಗಾಳಿ ನುಗ್ಗಿ ಹಲ್ಲಿಯ ತಲೆ ತಿಳಿಯಾಯಿತು.

ತಾಯಿ ಮಗು ಇಬ್ಬರೂ ಕ್ಷೇಮವೆಂದು ಡಾಕ್ಟರು ಹೇಳಿದ ಮೇಲೆ, ಪುಟ್ಟಗೌರಮ್ಮ ಮೊಮ್ಮಗುವಿಗೆ ದೃಷ್ಟಿ ತೆಗೆದು, ಹಾಗೇ ಡಬ್ಬಿಗೂ ತೆಗೆದರು. "ನಮ್ಮ ಕೂಸನ್ನ ಉಳಿಸಿದ್ದು ಇದೇ," ಎಂದರು.

ಹಲ್ಲಿ ಜಂಬವನ್ನೆಲ್ಲ ನುಂಗಿಕೊಂಡು ಗಟ್ಟಿಯಾಗಿ ಲೊಚಗುಟ್ಟಿತು.

"ಕೃಷ್ಣ ಕೃಷ್ಣ!" ಪುಟ್ಟಗೌರಮ್ಮ ನಗುತ್ತ ನೆಲ ಕುಟ್ಟಿದರು. "ನೋಡಿ ಅಳಿಯಂದ್ರೇ, ಹಲ್ಲಿನೂ ಹೌದು ಅಂತು!"